ಸಭೆಯೆಲ್ಲಾ ಕಣ್ಣೇ ಆದರೆ

ಭಾನುವಾರದ ಆರಾಧನೆಯ ಸಂದೇಶ, ಸೊರಟೂರ
ವಾಕ್ಯಭಾಗ: 1 ಕೊರಿಂಥ 12:12–27, ಯಾಜಕಕಾಂಡ 19:11–28, ಯೋಹಾನ 20:24–29, ಯೆಹೆಜ್ಕೇಲ 37:1–10

ಕೂತ್ಕೊಳ್ರಿ. ಹಿಂದ ನಿಂತವರು ಮುಂದ ಬರ್ರಿ, ಚಾಪಿ ಮ್ಯಾಲ ಜಾಗ ಐತಿ. ಹೊರಗ ಕಟ್ಟಿ ಮ್ಯಾಲ ಕುಂತವರಿಗೂ ಕೇಳ್ಸೂ ಹಂಗ ಬಾಕ್ಸ್ ಆ ಕಡೆ ತಿರುಗಿಸಿದ್ದೇವೆ.

ದೇವಜನರೇ, ಇವತ್ತು ನಾನು ಉಪದೇಶ ಮಾಡುವುದಕ್ಕಿಂತ ಮುಂಚೆ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಬೇರೆಯವರ ತಪ್ಪಲ್ಲ, ನನ್ನದೇ. ನಾಲ್ಕು ವಾರದ ಹಿಂದೆ ಇದೇ ಜಾಗದಲ್ಲಿ ನಿಂತು ನಾನು ಹಚ್ಚೆಯ ಬಗ್ಗೆ, ಟ್ಯಾಟೂ ಬಗ್ಗೆ ಗಟ್ಟಿಯಾಗಿ ಮಾತಾಡಿದೆ. ಹೆಸರು ಹೇಳಲಿಲ್ಲ, ಆದರೆ ಎಲ್ಲರ ಕಣ್ಣು ಡೋಲಕ್ ಹತ್ತಿರ ಕುಳಿತಿದ್ದ ಒಬ್ಬ ತಮ್ಮನ ಕಡೆಗೆ ತಿರುಗಿದವು. ಅವನು ತೋಳು ಅಂಗಿಯನ್ನು ಕೆಳಗೆ ಎಳೆದುಕೊಂಡ. ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ಅವನ ಹೆಸರನ್ನು ಇವತ್ತೂ ಹೇಳುವುದಿಲ್ಲ. ನಿಮಗೆ ಗೊತ್ತದ, ಆದರೆ ಈ ಸಂದೇಶ ಫೋನಿನಾಗ ಬ್ಯಾರೆ ಊರಿಗೂ ಹೋಗ್ತದ. ಅವನನ್ನೂ ಅವನ ಮನೆಯವರನ್ನೂ ಕೇಳಿ, ಅವರು ಹೂಂ ಅಂದ ಮೇಲೇ ಈ ಮಾತು ತೆಗೆದಿದ್ದೇನೆ.

ಯಾಜಕಕಾಂಡ 19ನೇ ಅಧ್ಯಾಯ ತೆಗೀರಿ. ಅವತ್ತು ನಾನು ಓದಿದ್ದು 28ನೇ ವಚನ ಒಂದೇ. ಸತ್ತವರಿಗಾಗಿ ದೇಹವನ್ನು ಗಾಯ ಮಾಡಿಕೊಳ್ಳಬೇಡಿರಿ, ಮೈಮೇಲೆ ಗುರುತು ಹಾಕಿಸಿಕೊಳ್ಳಬೇಡಿರಿ ಎಂದು ಇಸ್ರಾಯೇಲ್ಯರಿಗೆ ಹೇಳಿದ ಮಾತು. ವಾಕ್ಯ ಸತ್ಯ, ಅದನ್ನು ನಾನು ಅಳಿಸುವುದಿಲ್ಲ. ಸುತ್ತಲಿನ ಜನ ಸತ್ತವರ ಹೆಸರಿನಲ್ಲಿ ಮೈ ಕೊಯ್ದುಕೊಳ್ಳುತ್ತಿದ್ದ ಕಾಲದಲ್ಲಿ, ನೀವು ನನ್ನವರು, ಸಾವಿನ ಕೈಯಲ್ಲಿ ನಿಮ್ಮ ಮೈ ಕೊಡಬೇಡಿರಿ ಎಂದು ದೇವರು ಕಾಪಾಡಿದ ಮಾತದು. ಆದರೆ ಅದರ ಮೇಲಿನ 27ನೇ ವಚನ ನೋಡಿರಿ. ಗಡ್ಡದ ಅಂಚು ತೆಗೆಯಬಾರದು ಅಂತ ಇದೆ. ನಾನು ಅವತ್ತು ಬೆಳಿಗ್ಗೆ ನುಣ್ಣಗೆ ಶೇವ್ ಮಾಡಿಕೊಂಡು ಬಂದು 28ನೇ ವಚನ ಓದಿದ್ದೆ! ನಗಬ್ಯಾಡ್ರಿ, ನಿಮ್ಮ ಗಡ್ಡಾನೂ ಕಾಣಾಕತ್ತಾವು.

ಅದು ಇರಲಿ. ಇನ್ನೂ ಮೇಲೆ ಹೋಗಿರಿ, 16ನೇ ವಚನ. ನಿನ್ನ ಜನರ ನಡುವೆ ಚಾಡಿ ಹೇಳುತ್ತಾ ತಿರುಗಬೇಡ ಎಂಬ ಆಜ್ಞೆ. ಅದೇ ಅಧ್ಯಾಯ, ಅದೇ ದೇವರು, ಅದೇ ಅಧಿಕಾರ. ಆ ತಮ್ಮನ ತೋಳಿನ ಬಗ್ಗೆ ನಮ್ಮ ಸಭೆಯಲ್ಲಿ ಎಷ್ಟು ಫೋನ್ ಕಾಲ್ ಆದವು? ಬೋರಿಂಗ್ ಹತ್ರ ಎಷ್ಟು ಮಾತಾದವು? "ಅವಗ ಏನೋ ಹೊಕ್ಕೈತಿ ಬಿಡ್ರಿ," ಅಂತ ಯಾರು ಮೊದಲು ಅಂದರು? ಶಾಯಿಯ ಗುರುತು ಒಂದು ತೋಳಿನ ಮೇಲಿತ್ತು. ಚಾಡಿಯ ಗುರುತು ಊರೆಲ್ಲಾ ಹತ್ತಿತು. (ಸಭೆ: ಕರ್ತನೇ ಕ್ಷಮಿಸು.)

ಈಗ ನಮ್ಮ ಅಜ್ಜಿಯರನ್ನು ನೋಡಿರಿ. ಅಜ್ಜಿ, ನಿಮ್ಮ ಕೈ ಸ್ವಲ್ಪ ಎತ್ತರಿ. ನೋಡಿದ್ರೆಲ್ಲಾ? ಮುಂಗೈ ತುಂಬ ಹಸಿರು ಚುಕ್ಕಿ, ಬಳ್ಳಿ, ಗೋಪುರ. ಹಣೆಯ ಮೇಲೆ, ಗದ್ದದ ಮೇಲೆ ಬೊಟ್ಟು. ನಮ್ಮ ಈ ಗದಗ, ಶಿರಹಟ್ಟಿ, ಮುಂಡರಗಿ ಸೀಮೆಯ ಹಳ್ಳಿಗಳಲ್ಲಿ ಹಿಂದೆ ಕೊರವರ ಹೆಣ್ಣುಮಕ್ಕಳು ಮನೆಮನೆಗೆ ಬಂದು ಸೂಜಿ, ದೀಪದ ಕಾಡಿಗೆ, ಸೊಪ್ಪಿನ ರಸ ಇಟ್ಟುಕೊಂಡು ಹಚ್ಚೆ ಹಾಕುತ್ತಿದ್ದರು. ಹುಡುಗಿ ಅಳಬಾರದೆಂದು ಹಾಡು ಹೇಳುತ್ತಾ ಚುಚ್ಚುತ್ತಿದ್ದರು, ಆಮೇಲೆ ಅರಿಷಿಣ ಹಚ್ಚುತ್ತಿದ್ದರು. ಕೂಲಿಯಾಗಿ ಜೋಳ ಕೊಡುತ್ತಿದ್ದರು. ಸತ್ತಾಗ ಬಂಗಾರ ಬಿಚ್ಚಿಕೊಳ್ತಾರ, ಹಚ್ಚಿ ಮಾತ್ರ ಜೊತಿಗೆ ಬರ್ತದ ಅಂತ ಹಿರಿಯರು ಹೇಳುತ್ತಿದ್ದರು. ಬಡವರ ಹೆಣ್ಣುಮಕ್ಕಳಿಗೆ ಯಾರೂ ಕಸಿದುಕೊಳ್ಳಲಾರದ ಒಡವೆ ಅದೊಂದೇ ಆಗಿತ್ತು.

ಈ ಅಜ್ಜಿಗೆ ದೀಕ್ಷಾಸ್ನಾನ ಕೊಟ್ಟಾಗ ನಾವು ಹಚ್ಚೆ ತೆಗೆಸಿಕೊಂಡು ಬಾ ಅಂದೆವೇನು? ಅನ್ನಲಿಲ್ಲ. ಆ ಕೈ ಹಿಡಿದೇ ನೀರಿಗಿಳಿಸಿದೆವು. ಐಗುಪ್ತ ದೇಶದ ಕೋಪ್ಟಿಕ್ ಕ್ರೈಸ್ತರು ಬಲಗೈ ಮಣಿಕಟ್ಟಿನ ಒಳಗೆ ಚಿಕ್ಕ ಶಿಲುಬೆಯ ಹಚ್ಚೆ ಹಾಕಿಸಿಕೊಳ್ಳುತ್ತಾರೆ. ನಾನು ಯೇಸುವಿನವನು ಎಂದು ಹೇಳಿಕೊಳ್ಳುವುದೇ ಅಪಾಯ ಆಗಿರುವ ಕಡೆಯಲ್ಲೂ ಅವರು ಅದನ್ನು ಮುಚ್ಚಿಕೊಳ್ಳುವುದಿಲ್ಲ. ಅಜ್ಜಿಯ ಹಚ್ಚೆ ನಮಗೆ ಅಜ್ಜಿಯಂತೆಯೇ ಕಂಡಿತು. ಹುಡುಗನ ಹಚ್ಚೆ ಮಾತ್ರ ಸೈತಾನನಂತೆ ಕಂಡಿತು. ಯಾಕೆ? ಅದರ ಚಿತ್ರ ನಮಗೆ ತಿಳಿಯಲಿಲ್ಲ, ಅದಕ್ಕೆ.

ಚಿತ್ರ ಏನಿತ್ತು ಅಂತ ಹೇಳುತ್ತೇನೆ. ಅವನ ಬಲ ಮುಂಗೈಯ ಒಳಬದಿಯಲ್ಲಿ, ಚರ್ಮ ಹರಿದು ಒಳಗಿಂದ ಇನ್ನೊಂದು ಕೈ ಬಂದಂತೆ ಬರೆಸಿಕೊಂಡಿದ್ದಾನೆ. ಆ ಕೈಗೆ ತೋಳಿಲ್ಲ. ಮೊಳಕೈ ಕಡೆಯಲ್ಲಿ ತೋಳಿನ ಬದಲು ಗಿಡದ ಬೇರು. ಐದು ಬೆರಳು ಅವನ ಮಣಿಕಟ್ಟನ್ನು ಒಳಗಿನಿಂದ ಹಿಡಿದುಕೊಂಡಿವೆ. ನೋಡಿದರೆ ಮೈ ಜುಂ ಅಂತದ, ಸುಳ್ಳು ಹೇಳೂದಿಲ್ಲ.

ಅವನ ತಾಯಿ ಗಾಬರಿಯಾಗಿ, ಅವನ ಟ್ರಂಕಿನಲ್ಲಿದ್ದ ಚಿತ್ರದ ಪುಸ್ತಕ ತಂದು ನನ್ನ ಕೈಯಲ್ಲಿ ಕೊಟ್ಟರು. "ಪಾಸ್ಟರ್ ಅಣ್ಣಾರ, ಇದನ್ನ ಪ್ರಾರ್ಥನಿ ಮಾಡಿ ಸುಟ್ಟು ಬಿಡ್ರಿ, ನನ್ನ ಮಗಗ ಬಿಡುಗಡಿ ಆಗ್ಲಿ" ಅಂತ ಅತ್ತರು. ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ಸುಡೋಣ ಅಂತ ನಾನೂ ಇಟ್ಟುಕೊಂಡೆ. ಪುಸ್ತಕದ ಪಕ್ಕದಲ್ಲೇ ಕಡ್ಡಿಪೆಟ್ಟಿಗೆ ಇಟ್ಟಿದ್ದೆ.

ರಾತ್ರಿ ಕುಳಿತು ತೆರೆದು ನೋಡಿದೆ. ತಲೆಯ ಜಾಗದಲ್ಲಿ ಕೈ ಬೆಳೆದ ಮನುಷ್ಯ. ಪಕ್ಕೆಲುಬು ಗೂಡಾಗಿ, ಅದರೊಳಗೆ ಹಕ್ಕಿಯ ಬದಲು ಮುಚ್ಚಿದ ಮುಷ್ಟಿ. ಹೊಲದಲ್ಲಿ ಜೋಳದ ದಂಟಿನ ತುದಿಗೆ ತೆನೆಯ ಬದಲು ಬೆರಳು. ಹಾಸಿಗೆಯಲ್ಲಿ ಒಬ್ಬ ಗಂಡಸು, ಅವನಿಂದ ಮಾರು ದೂರದಲ್ಲಿ ಒಂದು ಕೈ, ಆ ಕೈಯ ಅಂಗೈಯಲ್ಲಿ ಅಳುವ ಬಾಯಿ. ಪುಟದ ಮೇಲೆ ಪುಟ, ಎಲ್ಲಾ ಕಡೆ ಒಂದೇ ಕೈ. ಕಿರುಬೆರಳು ಸ್ವಲ್ಪ ಸೊಟ್ಟ. ಹೆಬ್ಬೆರಳಿನ ಬುಡದಲ್ಲಿ ಕುಡುಗೋಲಿನ ಹಳೇ ಗಾಯದ ಗೆರೆ.

ದೇವಜನರೇ, ಆ ಕೈಯನ್ನು ನಾನು ಗುರುತಿಸಿದೆ. ಆ ಕೈಯನ್ನು ನಾನು ನೀರಿನಲ್ಲಿ ಹಿಡಿದಿದ್ದೇನೆ. ಅದು ಅವನ ಅಪ್ಪನ ಕೈ.

ಹನ್ನೆರಡು ವರ್ಷದ ಹಿಂದೆ ಸುಗ್ಗಿಯಲ್ಲಿ ರಾಶಿ ಮಷಿನ್ ಆ ಅಣ್ಣನ ಬಲಗೈಯನ್ನು ಮೊಳಕೈತನಕ ತೆಗೆದುಕೊಂಡಿತು. ಆಗ ಈ ಹುಡುಗನಿಗೆ ಹತ್ತು ವರ್ಷ. ಬುತ್ತಿ ತಗೊಂಡು ಹೊಲಕ್ಕೆ ಹೋಗಿದ್ದ. ಎಲ್ಲಾ ನೋಡಿದ. ಜನ ಅಪ್ಪನನ್ನು ಎತ್ತಿಕೊಂಡು ಗದಗಿಗೆ ಓಡಿದರು. ಆ ಹುಡುಗನ ಕಣ್ಣೊಳಗ ಏನು ಉಳೀತು ಅಂತ ಯಾರೂ ಕೇಳಲಿಲ್ಲ.

ಅವನ ಹತ್ತಿರ ಹೋಗಿ ಕೇಳಿದೆ, "ತಮ್ಮಾ, ಇದು ಯಾಕ ಹಿಂಗ ಬರೀತೀಪಾ?" ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ, "ಅಪ್ಪ ರಾತ್ರಿ ನರಳ್ತಾನ ಅಣ್ಣಾರ. ಇಲ್ಲದ ಕೈ ನೋಯ್ತದಂತ. ಬೆರಳು ಮಡಚಿ ಕುಂತಾವು, ಬಿಡಿಸಾಕ ಬರವಲ್ದು ಅಂತಾನ. ಇಲ್ಲದ ಕೈ ಎಲ್ಲಿ ಐತಿ ಅಂತ ನಾ ಹುಡುಕ್ತೀನಿ. ಹುಡುಕಿ ಬರೀತೀನಿ. ಹುಬ್ಬಳ್ಯಾಗ ಫ್ಲೆಕ್ಸ್ ಅಂಗಡ್ಯಾಗ ಮೊದಲ್ನೇ ಪಗಾರ ಬಂದಾಗ, ಇನ್ನ ಇದು ಕಳೀಬಾರ್ದು ಅಂತ ನನ್ನ ಕೈ ಒಳಗ ಇಟ್ಕೊಂಡೆ."

ನಾನು ಕಡ್ಡಿಪೆಟ್ಟಿಗೆ ಇಟ್ಟಿದ್ದು ಈ ಪುಸ್ತಕದ ಪಕ್ಕದಲ್ಲಿ. ದೆವ್ವ ಬಿಡಿಸಲು ಹೊರಟಿದ್ದೆ. ಅಲ್ಲಿ ದೆವ್ವ ಇರಲಿಲ್ಲ, ಅಪ್ಪನ ಮೇಲಿನ ಪ್ರೀತಿ ಇತ್ತು. ಮಾತು ಸಿಗದ ಪ್ರೀತಿ.

ಕೈ ಹೋದವರಿಗೆ ಇಲ್ಲದ ಕೈ ನೋಯುವುದು ಸುಳ್ಳಲ್ಲ, ಭ್ರಮೆಯಲ್ಲ, ಯಾರೋ ಮಾಟ ಮಾಡಿಸಿದ್ದೂ ಅಲ್ಲ. ಮೆದುಳಿನಲ್ಲಿ ಇಡೀ ದೇಹದ ಒಂದು ನಕಾಶೆ ಇದೆ. ಕೈ ಹೋದರೂ ಆ ನಕಾಶೆಯಲ್ಲಿ ಕೈಯ ಜಾಗ ಉಳಿಯುತ್ತದೆ. ನಮ್ಮ ದೇಶದಲ್ಲಿ ಹುಟ್ಟಿದ ವಿ. ಎಸ್. ರಾಮಚಂದ್ರನ್ ಎಂಬ ನರವಿಜ್ಞಾನಿ 1990ರ ದಶಕದಲ್ಲಿ ಒಂದು ಸಾದಾ ಕನ್ನಡಿಯಿಂದ ಇದಕ್ಕೆ ದಾರಿ ತೋರಿಸಿದರು. ಇರುವ ಕೈಯನ್ನು ಕನ್ನಡಿಯ ಮುಂದೆ ಇಟ್ಟು, ಅದರ ಬಿಂಬ ಹೋದ ಕೈಯ ಜಾಗದಲ್ಲಿ ಕಾಣುವ ಹಾಗೆ ಕೂಡಿಸಿ, ಮುಷ್ಟಿಯನ್ನು ಮೆಲ್ಲಗೆ ಬಿಡಿಸಲು ಹೇಳಿದರು. ಕೆಲವರಿಗೆ ಮಡಚಿದ ಬೆರಳು ಬಿಡಿಸಿದ ಹಾಗಾಗಿ ನೋವು ಇಳಿಯಿತು. ಎಲ್ಲರಿಗೂ ಅಲ್ಲ, ಕೆಲವರಿಗೆ. ಆ ಅಣ್ಣನನ್ನು ಈ ವಾರ ಗದಗಿನಲ್ಲಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಪ್ರಾರ್ಥನೆಯೂ ಮಾಡುತ್ತೇನೆ, ಬಸ್ಸಿನ ಟಿಕೆಟ್ಟೂ ತೆಗೆಯುತ್ತೇನೆ.

ಈಗ 1 ಕೊರಿಂಥ 12ಕ್ಕೆ ಬನ್ನಿರಿ. ಇಂಥ ಚಿತ್ರ ದೇವರಿಂದ ಬರುವುದಿಲ್ಲ ಅನ್ನುವವರು 17ನೇ ವಚನ ಓದಿರಿ. ಪೌಲನು ಅಲ್ಲಿ ಏನು ಬರೆಯುತ್ತಾನೆ? ಇಡೀ ದೇಹ ಕಣ್ಣೇ ಆಗಿದ್ದರೆ ಕೇಳುವುದು ಎಲ್ಲಿಂದ ಎಂದು ಕೇಳುತ್ತಾನೆ. ಸ್ವಲ್ಪ ಕಲ್ಪನೆ ಮಾಡಿಕೊಳ್ಳಿರಿ. ಕೈ ಇಲ್ಲ, ಕಾಲು ಇಲ್ಲ, ಕಿವಿ ಇಲ್ಲ, ಬರೇ ಒಂದು ದೊಡ್ಡ ಕಣ್ಣು ಹೊರಳಿಕೊಂಡು ಬರುತ್ತಿದೆ! ಈ ಹುಡುಗನ ಪುಸ್ತಕದಲ್ಲೂ ಅಂಥ ಚಿತ್ರ ಇಲ್ಲ. ಆದರೆ ಅದು ಪವಿತ್ರ ಬೈಬಲಿನಲ್ಲಿದೆ. ಯೆಹೆಜ್ಕೇಲನ ಮೊದಲನೇ ಅಧ್ಯಾಯದಲ್ಲಿ ನಾಲ್ಕು ಮುಖದ ಜೀವಿಗಳಿವೆ. ಮನುಷ್ಯನ ಕಣ್ಣಿನಲ್ಲಿ ತೊಲೆ ಇರುವ ಚಿತ್ರವನ್ನು ನಮ್ಮ ಕರ್ತನೇ ಮತ್ತಾಯ 7ರಲ್ಲಿ ಬಿಡಿಸಿದ್ದಾನೆ.

ಪೌಲನು ಆ ಚಿತ್ರ ಬಿಡಿಸಿದ್ದು ಸಭೆಗೆ ಕನ್ನಡಿ ಹಿಡಿಯಲಿಕ್ಕೆ. ನಾಲ್ಕು ವಾರದ ಹಿಂದೆ ನಮ್ಮ ಸಭೆ ಇಡೀ ಕಣ್ಣೇ ಆಗಿತ್ತು. ಎಲ್ಲರೂ ನೋಡಿದೆವು. ಕೇಳುವ ಕಿವಿ ಒಂದೂ ಇರಲಿಲ್ಲ. ಹಿಡಿಯುವ ಕೈ ಒಂದೂ ಇರಲಿಲ್ಲ. ಅಂಗಾಂಗ ಕೆಟ್ಟ ದೇಹ ಯಾವುದು ಹೇಳಿರಿ, ಅವನ ತೋಳಿನ ಮೇಲಿದ್ದ ಚಿತ್ರವೋ, ಅವನನ್ನು ಸುತ್ತಿಕೊಂಡ ನಾವೋ? (ಸಭೆ ಮೌನ.)

ಇನ್ನೂ ಆಳಕ್ಕೆ ಹೋಗೋಣ. ಸುಮಾರು 1512ರಿಂದ 1516ರ ಒಳಗೆ ಯೂರೋಪಿನ ಇಸೆನ್‌ಹೈಮ್ ಎಂಬ ಊರಿನ ಮಠಕ್ಕೆ ಮಥಿಯಾಸ್ ಗ್ರ್ಯೂನೆವಾಲ್ಡ್ ಎಂಬ ಚಿತ್ರಕಾರ ಯೇಸುವಿನ ಶಿಲುಬೆಯ ಚಿತ್ರ ಬರೆದ. ಆ ಮಠದವರು ಒಂದು ಭಯಂಕರ ರೋಗದವರನ್ನು ನೋಡಿಕೊಳ್ಳುತ್ತಿದ್ದರು. ನಮ್ಮ ಸಜ್ಜೆಯ ತೆನೆಗೆ ಕಾಳಿನ ಜಾಗದಲ್ಲಿ ಕಪ್ಪಗೆ ಬರುವ ಅರ್ಗಟ್ ರೋಗ ರೈತರಿಗೆ ಗೊತ್ತು. ಅದೇ ಕುಲದ ಬೂಜು ಅಲ್ಲಿಯ ರೈ ಎಂಬ ಧಾನ್ಯಕ್ಕೆ ಹತ್ತುತ್ತಿತ್ತು. ಆ ಹಿಟ್ಟಿನ ರೊಟ್ಟಿ ತಿಂದ ಬಡವರಿಗೆ ಮೈಯಲ್ಲಿ ಬೆಂಕಿ ಬಿದ್ದಂತೆ ಉರಿ, ಸೆಳೆತ, ಕಡೆಗೆ ಕೈಕಾಲು ಕಪ್ಪಾಗಿ ಕಳಚುತ್ತಿದ್ದವು.

ಗ್ರ್ಯೂನೆವಾಲ್ಡ್ ಅವರಿಗಾಗಿ ಎಂಥ ಯೇಸುವನ್ನು ಬರೆದ? ನಮ್ಮ ಕ್ಯಾಲೆಂಡರಿನ ಬೆಳ್ಳಗಿನ, ಚಂದದ ಯೇಸುವನ್ನಲ್ಲ. ಮೈತುಂಬ ಹುಣ್ಣು, ಮುಳ್ಳು ಮುರಿದು ಉಳಿದ ಚರ್ಮ, ಹಸಿರುಗಟ್ಟಿದ ಮೈ, ಮೊಳೆಯ ಸುತ್ತ ಸೊಟ್ಟಗೆ ಸೆಟೆದು ನಿಂತ ಬೆರಳುಗಳು. ನೋಡಲಿಕ್ಕೆ ಆಗುವುದಿಲ್ಲ. ಆದರೆ ಆ ರೋಗಿಗಳು ನೋಡಿದರು. ಕೈ ಕಳೆದುಕೊಂಡವನು ಆ ಬೆರಳು ನೋಡಿದಾಗ ಏನು ತಿಳಿದುಕೊಂಡಿರಬೇಕು? ನನ್ನ ನೋವು ಈತನಿಗೆ ಹೊಸದಲ್ಲ. ಯೆಶಾಯ 52 ಮತ್ತು 53ರಲ್ಲಿ ಪ್ರವಾದಿ ಹೇಳಿದ್ದೂ ಇದನ್ನೇ. ಮನುಷ್ಯರ ಹಾಗೆ ಕಾಣದಷ್ಟು ಆತನ ರೂಪ ಕೆಟ್ಟುಹೋಯಿತು, ಜನ ಮುಖ ತಿರುಗಿಸಿಕೊಂಡರು ಎಂದು. ಕೆಟ್ಟ ರೂಪವನ್ನು ನೋಡಿ ಮುಖ ತಿರುಗಿಸುವ ಅಭ್ಯಾಸ ಮಾಡಿಕೊಂಡರೆ ನಾವು ಒಂದು ದಿನ ಶಿಲುಬೆಯಿಂದಲೂ ಮುಖ ತಿರುಗಿಸುತ್ತೇವೆ.

ಯೋಹಾನ 20. ಕರ್ತನು ಎದ್ದು ಬಂದಿದ್ದಾನೆ. ಮರಣವನ್ನು ಜಯಿಸಿದ ದೇಹ, ಮುಚ್ಚಿದ ಬಾಗಿಲು ತಡೆಯಲಾರದ ದೇಹ. ಆದರೂ ಕೈಯಲ್ಲಿ ಮೊಳೆಯ ಗುರುತು ಹಾಗೇ ಇದೆ, ಪಕ್ಕೆಯ ಗಾಯ ಹಾಗೇ ಇದೆ. ತಂದೆಯಾದ ದೇವರಿಗೆ ಅದನ್ನು ಅಳಿಸಲು ಆಗುತ್ತಿರಲಿಲ್ಲವೇ? ಆಗುತ್ತಿತ್ತು. ಅಳಿಸಲಿಲ್ಲ. ತೋಮನು ಆ ಗುರುತಿನಿಂದಲೇ ತನ್ನ ಕರ್ತನನ್ನು ಗುರುತಿಸಿದ. ಯೆಶಾಯ 49:16ರಲ್ಲಿ ದೇವರು ತನ್ನ ಜನರನ್ನು ಅಂಗೈಗಳಲ್ಲಿ ಕೆತ್ತಿಕೊಂಡಿದ್ದೇನೆ ಅನ್ನುತ್ತಾನೆ. ಪ್ರೀತಿಸಿದವರನ್ನು ಮರೆಯಬಾರದೆಂದು ಕೈಯಲ್ಲಿ ಕೆತ್ತಿಕೊಂಡ ದೇವರ ಮುಂದೆ, ಅಪ್ಪನ ಕೈ ಮರೆಯಬಾರದೆಂದು ಕೈಯಲ್ಲಿ ಚುಚ್ಚಿಸಿಕೊಂಡ ಮಗನನ್ನು ನಾನು ಹೊರಗೆ ಹಾಕಿದೆ.

ಇಲ್ಲಿ ನನ್ನ ಎರಡನೇ ತಪ್ಪು ಇದೆ. ಇದು ಹಳೆಯದು, ದೊಡ್ಡದು. ಕೈ ಹೋದ ವರ್ಷ ಆ ಅಣ್ಣನಿಗಾಗಿ ನಾವು ಉಪವಾಸ ಇದ್ದು, ಕೈ ಇಟ್ಟು ಪ್ರಾರ್ಥಿಸಿದೆವು. ಕೈ ಮತ್ತೆ ಬರುತ್ತದೆ ಎಂದು ಗಟ್ಟಿಯಾಗಿ ನುಡಿದೆವು. ಬರಲಿಲ್ಲ. ಆಗ ನಾನು ಆ ಅಣ್ಣನಿಗೆ, "ನಿಮ್ಮ ವಿಶ್ವಾಸ ಸಾಲದು" ಅಂದೆ. ಅವರು ಏನೂ ಅನ್ನಲಿಲ್ಲ. ಎದ್ದು ಹೋದರು, ಈ ಬಾಗಿಲು ಮತ್ತೆ ದಾಟಲಿಲ್ಲ. ಮಷಿನ್ ಅವರ ಕೈ ತೆಗೀತು. ನನ್ನ ಮಾತು ಅವರ ಸಭೆ ತೆಗೀತು. ದೇವರು ಗುಣಪಡಿಸುತ್ತಾನೆ ಎಂದು ಇವತ್ತೂ ನಂಬುತ್ತೇನೆ, ಸಾಯುವವರೆಗೆ ಸಾರುತ್ತೇನೆ. ಆದರೆ ಗುಣವಾಗದವನ ತಲೆಯ ಮೇಲೆ ತಪ್ಪು ಹೊರಿಸುವ ಅಧಿಕಾರ ಆತನು ನನಗೆ ಕೊಟ್ಟಿಲ್ಲ. ಗಾಯದ ಗುರುತು ಇಟ್ಟುಕೊಂಡೇ ಎದ್ದ ಕರ್ತನಿಗೆ ವಿಶ್ವಾಸ ಸಾಲದೇ ಇತ್ತೇನು?

ಹಾಗಾದರೆ ಯುವಕರೇ, ಹೋಗಿ ಎಲ್ಲರೂ ಟ್ಯಾಟೂ ಹಾಕಿಸಿಕೊಳ್ಳಿರಿ ಅಂತ ಹೇಳುತ್ತಿದ್ದೇನೆಯೇ? ಇಲ್ಲ. ಕಿವಿಗೊಟ್ಟು ಕೇಳಿರಿ. 1 ಕೊರಿಂಥ 6:19ರ ಪ್ರಕಾರ ನಿಮ್ಮ ದೇಹ ಪವಿತ್ರಾತ್ಮನ ಆಲಯ. ಜಾತ್ರೆಯಲ್ಲಿ ಒಂದೇ ಸೂಜಿಯಲ್ಲಿ ಹತ್ತು ಜನರಿಗೆ ಚುಚ್ಚುವ ಕಡೆ ಕೈ ಕೊಡಬೇಡಿರಿ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ರಕ್ತದಿಂದಲೂ ಹರಡುತ್ತವೆ. ಹಚ್ಚೆಯ ಶಾಯಿಯಲ್ಲಿ ಲೋಹಗಳು ಸಿಕ್ಕಿವೆ ಎಂದು 2025ರಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯೇ ಹೇಳಿದೆ. ಸೈನ್ಯದ ಭರ್ತಿಗೆ ಓಡುವ ತಮ್ಮಂದಿರೇ, ಮುಂಗೈಯ ಒಳಬದಿ ಮತ್ತು ಹಸ್ತದ ಹಿಂಬದಿ ಬಿಟ್ಟು ಬೇರೆ ಕಡೆ ಹಚ್ಚೆ ಇದ್ದರೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಎರಡು ದಿನದ ಹುಮ್ಮಸ್ಸಿಗೆ, ಪ್ರೀತಿಸಿದ ಹುಡುಗಿಯ ಹೆಸರಿಗೆ, ಗೆಳೆಯರ ಬಾಯಿಮಾತಿಗೆ ಮೈ ಕೊಡಬೇಡಿರಿ.

ಚರ್ಮದ ಮೇಲ್ಪದರ ವಾರಗಳಲ್ಲಿ ಉದುರಿ ಹೊಸದಾಗುತ್ತದೆ, ಆದರೆ ಹಚ್ಚೆಯ ಶಾಯಿ ಅದರ ಕೆಳಗಿನ ಪದರದಲ್ಲಿರುತ್ತದೆ. ದೇಹದ ಕಾವಲು ಕಣಗಳು ಅದನ್ನು ಶತ್ರು ಎಂದು ನುಂಗಿ ಹಿಡಿದುಕೊಳ್ಳುತ್ತವೆ. ಆ ಕಣ ಸತ್ತಾಗ ಶಾಯಿ ಹೊರಬೀಳುತ್ತದೆ, ಪಕ್ಕದ ಹೊಸ ಕಣ ಅದನ್ನು ಮತ್ತೆ ನುಂಗುತ್ತದೆ. ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲೆ ಪರೀಕ್ಷೆ ಮಾಡಿ 2018ರಲ್ಲಿ ಇದನ್ನು ತೋರಿಸಿದರು. ಕಾವಲುಗಾರ ಬದಲಾಗುತ್ತಾನೆ, ಕಲೆ ಬದಲಾಗುವುದಿಲ್ಲ. ಮನೆಯ ನೋವೂ ಹೀಗೇ. ಅಪ್ಪ ಹಿಡಿದುಕೊಂಡದ್ದನ್ನು ಮಗ ಹಿಡಿದುಕೊಳ್ಳುತ್ತಾನೆ. ಯಾರಾದರೂ ಹತ್ತಿರ ಕುಳಿತು, ಏನಪಾ ಇದು ಅಂತ ಕೇಳುವವರೆಗೆ ಅದು ಒಬ್ಬರಿಂದ ಒಬ್ಬರಿಗೆ ಹೋಗುತ್ತಲೇ ಇರುತ್ತದೆ.

ಕಡೆಯದಾಗಿ ಯೆಹೆಜ್ಕೇಲ 37. ನಾವು ನಿಂತ ಈ ನೆಲ ಯುದ್ಧದ ನೆಲ. 1190ರ ಸುಮಾರಿಗೆ ಹೊಯ್ಸಳ ವೀರಬಲ್ಲಾಳನೂ ಸೇವುಣರ ಭಿಲ್ಲಮನೂ ಇದೇ ಸೊರಟೂರಿನಲ್ಲಿ ಕಾದಾಡಿದರು. ಬಲ್ಲಾಳ ಗೆದ್ದ ಎಂದು ಇತಿಹಾಸ ಬರೆದಿದೆ. ಬಿದ್ದವರ ಹೆಸರು ಯಾರೂ ಬರೆಯಲಿಲ್ಲ. ನಮ್ಮ ಎರಿ ಹೊಲದ ಮಣ್ಣಿನಲ್ಲಿ ಎಷ್ಟು ತಾಯಂದಿರ ಮಕ್ಕಳ ಎಲುಬು ಕರಗಿವೆಯೋ ಕರ್ತನಿಗೇ ಗೊತ್ತು.

ಅಂಥದೇ ಒಂದು ಬಯಲಿನಲ್ಲಿ ದೇವರು ಯೆಹೆಜ್ಕೇಲನನ್ನು ನಿಲ್ಲಿಸಿದ. ಮೊದಲು ಏನು ಮಾಡಿಸಿದ? ಪ್ರವಾದನೆ ಅಲ್ಲ. ಆ ಎಲುಬುಗಳ ಸುತ್ತ ನಡೆದಾಡಿಸಿದ. ಸರಿಯಾಗಿ ನೋಡು ಅಂದ. ಎಷ್ಟು ಒಣಗಿವೆ ಅಂತ ನೋಡು ಅಂದ. ಆಮೇಲೆ ನುಡಿಯಲು ಹೇಳಿದ. ನಾನು ನಡೆದಾಡದೆ ನುಡಿದೆ. ಎಲುಬಿಗೆ ಎಲುಬು ಕೂಡಿತು, ನರ ಬಂತು, ಮಾಂಸ ಬಂತು, ಚರ್ಮ ಮುಚ್ಚಿತು. ಆದರೂ ಉಸಿರಿರಲಿಲ್ಲ. ಚರ್ಮ ಚೊಕ್ಕ ಇದ್ದರೂ ಹೆಣ ಹೆಣವೇ. ಒಂದು ಹಚ್ಚೆಯೂ ಇಲ್ಲದ, ಒಂದು ಕಲೆಯೂ ಇಲ್ಲದ ಸಭೆ ಉಸಿರಿಲ್ಲದೆ ಸಾಲಾಗಿ ಕುಳಿತಿರಬಹುದು. ನಾಲ್ಕು ದಿಕ್ಕಿನಿಂದ ಗಾಳಿ ಬಂದಾಗ ಮಾತ್ರ ಅವರು ಎದ್ದು ನಿಂತರು.

ಕಪ್ಪತಗುಡ್ಡದ ಕಡೆಯಿಂದ ಗಾಳಿ ಬಿಟ್ಟರೆ ನಮ್ಮ ಹೊಲದ ಒಂದು ತೆನೆಯನ್ನೂ ಬಿಡದೆ ತೂಗುತ್ತದೆ. ಇದು ನೆಟ್ಟಗಿನ ತೆನೆ, ಇದು ಸೊಟ್ಟಗಿನದು ಅಂತ ನೋಡುವುದಿಲ್ಲ. ಪವಿತ್ರಾತ್ಮನೂ ಹಾಗೆಯೇ.

ತಮ್ಮಾ, ನಿನ್ನ ಪುಸ್ತಕ ಇಲ್ಲಿದೆ. ಒಂದು ಪುಟವೂ ಸುಟ್ಟಿಲ್ಲ. ಎಲ್ಲರ ಮುಂದೆ ಕೇಳಿಕೊಳ್ಳುತ್ತೇನೆ, ನನ್ನನ್ನು ಕ್ಷಮಿಸು. ಡೋಲಕ್ ನಾಲ್ಕು ವಾರದಿಂದ ಮೂಲ್ಯಾಗ ಕುಂತೈತಿ, ನೀನೇ ಬಾರಿಸಬೇಕು. ಇನ್ನೂ ಬರಿ. ಬರೆದದ್ದನ್ನು ನನಗೆ ತೋರಿಸು, ನಿನ್ನ ಅಪ್ಪನಿಗೂ ತೋರಿಸು.

ಮತ್ತೆ ಹೊರಗೆ ಕಟ್ಟೆಯ ಮೇಲೆ ಕುಳಿತ ಅಣ್ಣಾರ, ನಿಮಗೂ ಈ ಮಾತು ಕೇಳಿಸಿದೆ ಅಂತ ನನಗೆ ಗೊತ್ತು. ನಿಮ್ಮ ವಿಶ್ವಾಸ ಕಡಿಮೆ ಇರಲಿಲ್ಲ. ನನ್ನ ಪ್ರೀತಿ ಕಡಿಮೆ ಇತ್ತು. ಒಳಗೆ ಬರ್ರಿ ಅಂತ ಒತ್ತಾಯ ಮಾಡೂದಿಲ್ಲ. ಇವತ್ತು ಕರ್ತನ ಮೇಜಿನ ರೊಟ್ಟಿ ಮತ್ತು ಪಾತ್ರೆಯನ್ನು ನಾನೇ ಕಟ್ಟೆಗೆ ತರುತ್ತೇನೆ. ಎಡಗೈಯಲ್ಲಿ ತಗೊಳ್ರಿ. ಎಡಗೈ ಅಂತ ಕರ್ತನು ಬ್ಯಾಡ ಅನ್ನೂದಿಲ್ಲ.

ಎಲ್ಲರೂ ಎದ್ದು ನಿಂತು ಕಣ್ಣು ಮುಚ್ಚಿರಿ. ಕಣ್ಣು ಸಾಕಾಯಿತು, ಈಗ ಪಕ್ಕದವರ ಕೈ ಹಿಡಿಯಿರಿ. ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ತಾಯಿಯ ಗರ್ಭದಲ್ಲಿ ನಮ್ಮ ಎಲುಬು ನರಗಳನ್ನು ಹೆಣೆದವನು ನೀನು. ಕೈ ಕಳೆದುಕೊಂಡವರನ್ನೂ ಮಾತು ಕಳೆದುಕೊಂಡವರನ್ನೂ ನೀನು ಬಲ್ಲೆ. ನೋಡಿದ್ದನ್ನು ಹೇಳಲಾರದ ಮಕ್ಕಳನ್ನು ನೆನಪು ಮಾಡಿಕೋ. ತೀರ್ಪು ಮಾಡಿದ ನಮ್ಮ ನಾಲಿಗೆಯನ್ನು ತೊಳೆ. ಈ ಸಭೆಗೆ ಕಿವಿ ಕೊಡು ಕರ್ತನೇ, ಕೈ ಕೊಡು, ಉಸಿರು ಕೊಡು. ಇಲ್ಲದ ಕೈಯ ನೋವಿನಿಂದ ಇವತ್ತಿನ ರಾತ್ರಿಯಾದರೂ ನಮ್ಮ ಅಣ್ಣನಿಗೆ ನಿದ್ರೆ ಕೊಡು. ಗಾಯದ ಗುರುತು ಇರುವ ನಿನ್ನ ಕೈಯಲ್ಲಿ ಅವರ ಮನೆಯನ್ನು ಹಿಡಿದುಕೋ. ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.